ಆಗದ ಕೇಡಿಗೆ ಸಾಕ್ಷಿ ಯಾರು?

ಲೋಕವು ಉಪಕಾರವನ್ನು ಅಳೆಯುವಾಗ ಕಣ್ಣಿಗೆ ಕಾಣುವುದನ್ನಷ್ಟೇ ಅಳೆಯುತ್ತದೆ. ನೀರಿಗೆ ಬಿದ್ದ ಮಗುವನ್ನು ಎತ್ತಿದವನಿಗೆ ಊರು ಹಾರ ಹಾಕುತ್ತದೆ. ಮಗು ಬೀಳದಂತೆ ಸಂಪಿನ ಮುಚ್ಚಳಕ್ಕೆ ದಿನವೂ ಬೀಗ ಹಾಕಿದವಳ ಹೆಸರು ಯಾರಿಗೂ ತಿಳಿಯದು. ಬಿದ್ದುದನ್ನು ಎತ್ತುವುದು ಒಂದು ಘಟನೆ. ಬೀಳದಂತೆ ಕಾಯುವುದು ಘಟನೆಯೇ ಅಲ್ಲ. ಅದಕ್ಕೆ ಸಾಕ್ಷಿಯಿಲ್ಲ, ವರದಿಯಿಲ್ಲ, ಸನ್ಮಾನವಿಲ್ಲ. ಹಾಗಾದರೆ ಆಗದೆ ಉಳಿದ ಕೇಡಿನ ಪುಣ್ಯ ಯಾರಿಗೆ ಸಲ್ಲತಕ್ಕದ್ದು? ಆಗದಂತೆ ನೋಡಿಕೊಳ್ಳುವ ಹೊಣೆ ಯಾರದು? ಈ ಪ್ರಶ್ನೆ ಬರಿಯ ತರ್ಕದ್ದಲ್ಲ. ನಮ್ಮ ಬದುಕಿನಲ್ಲಿ ಅದು ಒಂದು ಕೈಕೂಸಿನ ರೂಪದಲ್ಲಿ ಎದುರು ಬಂದು ನಿಂತಿತು. ಆ ಸಂಗತಿಯನ್ನು ಓದುಗರ ಮುಂದೆ ಬಿಚ್ಚಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಪಾಠಶಾಲೆಯಲ್ಲಿ ನಾವು ತರ್ಕವನ್ನು ಓದುವಾಗ ಗುರುಗಳು ಅಭಾವದ ನಾಲ್ಕು ಬಗೆಗಳನ್ನು ಬೋಧಿಸುತ್ತಿದ್ದರು. ಅವುಗಳಲ್ಲಿ ಒಂದು ಪ್ರಾಗಭಾವ. ಮಡಕೆ ಹುಟ್ಟುವ ಮುನ್ನ ಮಡಕೆಯ ಇಲ್ಲದಿರುವಿಕೆ. ಅದಕ್ಕೆ ಆದಿಯಿಲ್ಲ, ಆದರೆ ಅಂತ್ಯವುಂಟು. ಇನ್ನೊಂದು ಪ್ರಧ್ವಂಸಾಭಾವ. ಒಡೆದುಹೋದ ಮಡಕೆಯ ಇಲ್ಲದಿರುವಿಕೆ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಆ ದಿನಗಳಲ್ಲಿ ಇದು ಪಂಡಿತರ ಕಾಲಕ್ಷೇಪವೆಂದು ನಮಗೆ ತೋರಿತ್ತು. ಈಗ ಹಾಗೆ ತೋರುವುದಿಲ್ಲ. ಮಗುವಿಗೆ ಒದಗದಿರುವ ಕೇಡು ಪ್ರಾಗಭಾವದಂತೆ ಸದ್ದಿಲ್ಲದೆ ಇರುತ್ತದೆ. ಯಾವ ಗಳಿಗೆಯಲ್ಲಾದರೂ ಅದು ಮುಗಿಯಬಹುದು. ಒಮ್ಮೆ ಮುಗಿದು ಮಗು ಹೋಯಿತೆಂದರೆ, ಆ ಇಲ್ಲದಿರುವಿಕೆಗೆ ಕೊನೆಯೆಂಬುದೇ ಇಲ್ಲ. ಮಕ್ಕಳನ್ನು ಕಾಯುವವರು ನಿಂತಿರುವುದು ಈ ಎರಡು ಅಭಾವಗಳ ನಡುವಣ ಹೊಸ್ತಿಲಲ್ಲಿ.

ಬೆಂಗಳೂರಿನ ಉತ್ತರಕ್ಕೆ, ತುಮಕೂರು ಹೆದ್ದಾರಿಯ ಮಗ್ಗುಲಲ್ಲಿ ಮಾಕಳಿ ಎಂಬ ಊರಿದೆ. ಹಿಂದೆ ಆ ಬಳಿಯೆಲ್ಲ ರಾಗಿ ಹೊಲ, ತೋಟ. ಇಂದು ಗೋದಾಮುಗಳು, ಕಾರ್ಖಾನೆಗಳು, ಸಾಲುಸಾಲು ಬಾಡಿಗೆ ಮನೆಗಳು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ನೆರೆಯ ಮಾದಾವರದವರೆಗೆ ಬಂದಿತು. ಪೀಣ್ಯದ ಗಾರ್ಮೆಂಟ್ಸ್‌ಗೆ ಹೊಲಿಗೆಗೆ ಹೋಗುವ ಹೆಣ್ಣುಮಕ್ಕಳು, ಯಾದಗಿರಿ, ರಾಯಚೂರುಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು ಈ ಭಾಗದಲ್ಲಿ ಅನೇಕರಿದ್ದಾರೆ. ಅವರ ಕೂಸುಗಳನ್ನು ನೋಡಿಕೊಳ್ಳಬೇಕಾದ ಅಜ್ಜಿ ಊರಿನಲ್ಲಿ ಉಳಿದಿದ್ದಾಳೆ. ತೊಟ್ಟಿಲು ಇಲ್ಲಿ, ತೂಗುವ ಕೈ ಅಲ್ಲಿ. ಇದನ್ನು ಕಂಡು ಕೆಲವು ಸದ್ಭಕ್ತರು ಬಾಡಿಗೆಯ ಮನೆಯೊಂದರಲ್ಲಿ ಶಿಶುವಿಹಾರವನ್ನು ತೆರೆದರು. ಮೇಲ್ವಿಚಾರಣೆಗೆ ನಮ್ಮನ್ನು ಬೇಡಿಕೊಂಡರು. ನಾವು ಒಪ್ಪಿದೆವು. ವೈದ್ಯರೊಬ್ಬರು ನಿಯಮಗಳನ್ನು ಬರೆದುಕೊಟ್ಟರು. ಜ್ವರವಿರುವ ಮಗುವನ್ನು ಆ ದಿನ ಸೇರಿಸಿಕೊಳ್ಳತಕ್ಕದ್ದಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು.

ಒಂದು ಮುಂಜಾನೆ ನಾವು ಅಲ್ಲಿದ್ದಾಗ ತಾಯಿಯೊಬ್ಬಳು ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಮೈ ಕಾದಿತ್ತು. ಬಾಗಿಲಲ್ಲಿದ್ದ ಆಯಾ ಹಣೆ ಮುಟ್ಟಿ ನೋಡಿ ತಡೆದಳು. ತಾಯಿ ನಮ್ಮ ಕಡೆ ತಿರುಗಿ ಕೈಮುಗಿದಳು. “ಅಪ್ಪಾರೇ, ಇವತ್ತ ಒಂದಿನ ಇಟ್ಕೋರಿ. ಈ ತಿಂಗಳ ಆಗ್ಲೇ ಎರಡ ದಿನ ರಜಾ ಆಗ್ಯಾವ್ರಿ. ಇನ್ನೊಂದಿನ ತಪ್ಪಿದ್ರ ಹಾಜರಿ ರೊಕ್ಕಾನೂ ಹೋಗ್ತದ್ರಿ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಆಯಾ ಮೆಲ್ಲನೆ ಹೇಳಿದಳು: “ಬುದ್ಧಿ, ಕೂಸಿನ ಕಣ್ಣು ಕೆಂಪಗವೆ, ಕೆಮ್ಮೂ ಐತೆ. ಒಳಗೆ ಹಾಲು ಕುಡಿಯೋ ಕೂಸುಗಳವೆ. ಬ್ಯಾಡ ಬುದ್ಧಿ.”

ನಾವು ಆ ತಾಯಿಯ ಕಣ್ಣೀರನ್ನು ನೋಡಿದೆವು. ಒಳಗೆ ಮಲಗಿದ್ದ ಕೂಸುಗಳು ನಮಗೆ ಕಾಣಿಸುತ್ತಿರಲಿಲ್ಲ. “ಒಂದು ದಿನಕ್ಕೆ ಏನಾದೀತು? ಸೇರಿಸಿಕೊಳ್ಳಮ್ಮ” ಎಂದುಬಿಟ್ಟೆವು. ಆಯಾ ಮತ್ತೆ ಮಾತಾಡಲಿಲ್ಲ. ಕಾವಿಯ ಮುಂದೆ ಅವಳೇನು ಮಾತಾಡಿಯಾಳು?

ಎರಡು ದಿನಗಳ ತರುವಾಯ ಆ ಮಗುವಿನ ಮೈಮೇಲೆ ಗುಳ್ಳೆಗಳೆದ್ದವು. ಅದು ದಡಾರವಾಗಿತ್ತು. ಇನ್ನೂ ಎರಡು ವಾರ ಕಳೆಯುವುದರೊಳಗೆ ಮತ್ತೆ ನಾಲ್ಕು ಮಕ್ಕಳು ಮಲಗಿದವು. ಅವುಗಳಲ್ಲಿ ಏಳು ತಿಂಗಳ ಹೆಣ್ಣುಕೂಸಿಗೆ ನ್ಯುಮೋನಿಯಾ ತಗುಲಿ ಎಂಟು ದಿನ ಆಸ್ಪತ್ರೆಯಲ್ಲಿಡಬೇಕಾಯಿತು. ಶಿವನ ದಯೆ, ವೈದ್ಯರ ಶ್ರಮ; ಕೂಸು ಉಳಿಯಿತು. ಮೂಗಿನಲ್ಲಿ ನಳಿಕೆಯಿಟ್ಟುಕೊಂಡು ಎದೆಗೂಡು ಸೆಳೆಯುತ್ತಿದ್ದ ಆ ಕೂಸನ್ನು ನೋಡಿದ ಮೇಲೆ ಅನೇಕ ದಿನ ಪೂಜೆಯಲ್ಲಿ ನಮ್ಮ ಮನಸ್ಸು ನಿಲ್ಲಲಿಲ್ಲ.

ದಡಾರದ ಗುಣವನ್ನು ವೈದ್ಯರು ನಮಗೆ ಆಮೇಲೆ ವಿವರಿಸಿದರು. ರೋಗಿಯು ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ಆ ರೋಗಾಣು ಎರಡು ಗಂಟೆಗಳವರೆಗೆ ಉಳಿಯಬಲ್ಲುದು. ರಕ್ಷಣೆಯಿಲ್ಲದ 10 ಜನ ಅದಕ್ಕೆ ಒಡ್ಡಿಕೊಂಡರೆ 9 ಜನಕ್ಕೆ ಹತ್ತುತ್ತದೆ. ಗುಳ್ಳೆ ಏಳುವುದಕ್ಕೆ 4 ದಿನ ಮೊದಲೇ ಅದು ಹರಡತೊಡಗುತ್ತದೆ. ಆಗ ಕಾಣುವುದು ಜ್ವರ, ಕೆಮ್ಮು, ಕೆಂಪು ಕಣ್ಣುಗಳಷ್ಟೆ. ನಮ್ಮ ದೇಶದಲ್ಲಿ ಮೊದಲ ಲಸಿಕೆ ಕೊಡುವುದು 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಆದುದರಿಂದ 9 ತಿಂಗಳು ತುಂಬದ ಕೂಸಿಗೆ ಸುತ್ತಲಿನವರ ಎಚ್ಚರವೇ ಲಸಿಕೆ. ಆ ಆಯಾಳಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ಆದರೆ ಕಣ್ಣು ಕೆಂಪಗಿದೆ, ಒಳಗೆ ಕೂಸುಗಳಿವೆ ಎಂಬೆರಡು ಸಂಗತಿಗಳನ್ನು ಅವಳು ಜೋಡಿಸಿದಳು. ಎರಡು ವಿಶ್ವವಿದ್ಯಾನಿಲಯಗಳ ಪದವಿ ಪಡೆದ ನಾವು ಜೋಡಿಸಲಿಲ್ಲ.

ಈಗ ವಿಚಾರಿಸತಕ್ಕದ್ದು, ನಾವು ಮಾಡಿದ್ದು ಯಾವ ಬಗೆಯ ತಪ್ಪು ಎಂಬುದು. ಕ್ರೌರ್ಯದಿಂದ ಮಾಡಿದ್ದಲ್ಲ; ದಯೆಯಿಂದ ಮಾಡಿದ್ದು. ದಯೆಯೇ ಧರ್ಮದ ಬೇರು ಎಂದು ಜೀವಮಾನವಿಡೀ ಬೋಧಿಸಿದವರು ನಾವು. ದಯೆಯಿಂದ ಮಾಡಿದ ಕಾರ್ಯ ಅಧರ್ಮವಾದುದು ಹೇಗೆ? ಕಣ್ಣೆದುರು ಇರುವವರ ಮೇಲೆ ಮಾತ್ರ ಹರಿಯುವ ದಯೆಯು ಅರ್ಧ ದಯೆ ಎಂಬುದೇ ನಮಗೆ ಹೊಳೆದ ಉತ್ತರ. ತಾಯಿಗೆ ಮಾತಿತ್ತು, ಕಣ್ಣೀರಿತ್ತು, ಕೈಮುಗಿಯುವ ಶಕ್ತಿಯಿತ್ತು. ಏಳು ತಿಂಗಳ ಕೂಸಿಗೆ ಇವಾವುವೂ ಇರಲಿಲ್ಲ. ಬಂದು ಬೇಡಲಾರದವರ ಪರವಾಗಿ ಮೊದಲೇ ಬೇಡಿಟ್ಟ ಮಾತೇ ನಿಯಮ. ನಿಯಮವನ್ನು ನಾವು ಕಾಗದವೆಂದು ತಿಳಿದೆವು. ಅದು ಆ ಕೂಸಿನ ನಾಲಿಗೆಯಾಗಿತ್ತು.

ಕೇಡು ಒದಗಿದಾಗ “ಅವರವರ ಹಣೆಬರಹ” ಎನ್ನುವುದು ನಮ್ಮ ಜನರ ರೂಢಿ. ಅಂದು ಭಕ್ತರೊಬ್ಬರು ನಮ್ಮನ್ನು ಸಮಾಧಾನಪಡಿಸಲೆಂದು ಅದೇ ಮಾತನ್ನಾಡಿದರು. ನಾವು ಅದನ್ನು ಸ್ವೀಕರಿಸಲಿಲ್ಲ. ತನ್ನ ಪಾಲಿಗೆ ಬಂದ ಕಷ್ಟವನ್ನು ಸಹಿಸಿಕೊಳ್ಳಲು ಕರ್ಮದ ವಿಚಾರ ಊರುಗೋಲಾಗಬಹುದು. ಪರರಿಗೆ ತಾನು ತಂದ ಕಷ್ಟವನ್ನು ಮುಚ್ಚಿಕೊಳ್ಳಲು ಅದು ಹೊದಿಕೆಯಾಗಕೂಡದು.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ತಿಳಿದವಳು ಆಯಾ, ಅಪ್ಪಣೆ ಕೊಟ್ಟವರು ನಾವು. ಲೋಕದ ಅನೇಕ ಅನಾಹುತಗಳ ಮೂಲ ಇಲ್ಲಿದೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯಾಕೆ ಮೊದಲೇ ಹೇಳಿದ್ದಳೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದಕ್ಕೆ ಒಂಬತ್ತು ವರ್ಷ ಹಿಂದೆ, 2004ರಲ್ಲಿ ಅದೇ ಜುಲೈ 16ರಂದು, ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಕಿಡಿ ಹುಲ್ಲಿನ ಚಾವಣಿಗೆ ತಾಗಿ 94 ಮಕ್ಕಳು ಬೆಂದುಹೋದರು. ಒಲೆಯ ಮೇಲೆ ಹುಲ್ಲು ಇದ್ದುದನ್ನು ದಿನವೂ ನೋಡುತ್ತಿದ್ದ ಕಣ್ಣುಗಳು ಎಷ್ಟಿರಲಿಲ್ಲ! ವಿಯೆನ್ನಾ ನಗರದ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯನು 1847ರಲ್ಲಿ, ಹೆರಿಗೆ ಮಾಡಿಸುವ ವೈದ್ಯರು ಕ್ಲೋರಿನ್ ದ್ರಾವಣದಿಂದ ಕೈತೊಳೆದರೆ ಬಾಣಂತಿಯರ ಸಾವು ಬಹುವಾಗಿ ಇಳಿಯುವುದೆಂದು ತೋರಿಸಿಕೊಟ್ಟನು. ಹಿರಿಯ ವೈದ್ಯರನೇಕರು ಒಪ್ಪಲಿಲ್ಲ. ತಮ್ಮ ಕೈ ಕೊಳಕಾಗಿರಬಹುದೆಂದು ಒಪ್ಪುವುದು ದೊಡ್ಡವರಿಗೆ ಎಂದೂ ಕಷ್ಟವೇ. ನಮಗೂ ಕಷ್ಟವಾಯಿತು.

ಹಾಗೆಂದು ನಿಯಮವನ್ನು ಹಿಡಿದು ತಾಯಿಯನ್ನು ಬಾಗಿಲಿನಿಂದ ಕಳುಹಿಸಿದರೆ ಧರ್ಮ ಮುಗಿಯಿತೇ? ಇಲ್ಲ. ಒಂದು ದಿನದ ಕೂಲಿ ಕಳೆದರೆ ಅವಳ ಮನೆಯಲ್ಲಿ ಅಕ್ಕಿಗೆ ತತ್ವಾರ. ಹೊಟ್ಟೆ ತುಂಬಿದವರು ಬರೆದ ನಿಯಮ ಹಸಿದವರ ಮೇಲೆ ಮಾತ್ರ ಬೀಳುವುದಾದರೆ ಅದು ನ್ಯಾಯವೆನಿಸದು. ಈ ಹೊಣೆಯನ್ನು ಸಮಾಜ ಎಂದೋ ಒಪ್ಪಿಕೊಂಡಿದೆ. 1948ರ ಕಾರ್ಖಾನೆ ಕಾಯಿದೆಯು ಮೊದಲಿಗೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಒದಗಿಸಬೇಕೆಂದು ವಿಧಿಸಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾಯಿತು. ನಮ್ಮ ನಾಡಿನಲ್ಲಿ ತಿರುಮಕೂಡಲು ನರಸೀಪುರ ಅದರ ಮೊದಲ ನೆಲೆ. ಇಂದು ರಾಜ್ಯದಲ್ಲಿ 65,000ಕ್ಕೂ ಮೀರಿ ಅಂಗನವಾಡಿಗಳಿವೆ. ಆದರೆ ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕೊಡುವುದನ್ನು ಸಂಬಳವೆನ್ನದೆ ಗೌರವಧನವೆನ್ನುತ್ತೇವೆ. ಅವರಿಗೆ ಉಪಧನ ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವೇ 2022ರಲ್ಲಿ ಹೇಳಬೇಕಾಯಿತು. ನಮ್ಮ ಮಕ್ಕಳ ಪ್ರಾಣವನ್ನು ಯಾರ ಕೈಗೆ ಒಪ್ಪಿಸುತ್ತೇವೆಯೋ ಅವರ ಕೈಗೆ ತೀರ ಕಡಿಮೆ ಹಣ ಇಡುತ್ತೇವೆ. ಅವರ ಮಾತಿಗೆ ಅದಕ್ಕಿಂತ ಕಡಿಮೆ ಬೆಲೆ ಕೊಡುತ್ತೇವೆ.

ಆ ಶಿಶುವಿಹಾರದಲ್ಲಿ ಆಮೇಲೆ ಮೂರು ಮಾರ್ಪಾಡುಗಳಾದವು. ಮೊದಲನೆಯದು, ಮಗುವನ್ನು ಸೇರಿಸುವ ಬಿಡುವ ವಿಚಾರದಲ್ಲಿ ಬಾಗಿಲಲ್ಲಿ ನಿಂತವಳ ಮಾತೇ ಕಡೆಯ ಮಾತು. ಸಮಿತಿಯವರಾಗಲಿ, ದಾನಿಗಳಾಗಲಿ, ನಾವಾಗಲಿ ಅದನ್ನು ಮೀರುವಂತಿಲ್ಲ. ಎರಡನೆಯದು, ಮಗುವಿನ ಕಾಯಿಲೆಯಿಂದ ಮನೆಯಲ್ಲಿ ಉಳಿಯಬೇಕಾದ ತಾಯಿಗೆ ಆ ದಿನದ ಕೂಲಿಯನ್ನು ಕೊಡಲು ಒಂದು ನಿಧಿ. ದಾಸೋಹವೆಂದರೆ ಎಲೆ ಹಾಸಿ ಬಡಿಸುವುದು ಮಾತ್ರವಲ್ಲ, ಬಡ ತಾಯಿಯೂ ನಿಯಮವನ್ನು ಪಾಲಿಸುವಂತೆ ಅನುಕೂಲ ಮಾಡಿಕೊಡುವುದೂ ದಾಸೋಹವೇ ಎಂದಾಗ ಭಕ್ತರು ಸಂತೋಷದಿಂದ ಕೊಟ್ಟರು. ಮೂರನೆಯದು, ಪ್ರತಿ ಮಗುವಿನ ಲಸಿಕೆ ಚೀಟಿಯನ್ನು ಸೇರಿಸುವ ದಿನವೇ ನೋಡಿ ಬರೆದಿಡುವುದು.

ಉಳಿದವೆಲ್ಲ ಸಣ್ಣ ಕೆಲಸಗಳು. ಕೂಸಿನ ಬಟ್ಟೆ ಬದಲಿಸಿದ ಮೇಲೆ ಮತ್ತು ಉಣಿಸುವ ಮುನ್ನ ಸೋಪು ಹಾಕಿ ಕೈತೊಳೆಯುವುದು. ಫಿನಾಯಿಲನ್ನು ತಂಪುಪಾನೀಯದ ಬಾಟಲಿಗೆ ತುಂಬದಿರುವುದು. ಕಡಲೆಬೀಜವನ್ನೂ ಗುಂಡಿಯನ್ನೂ ಎಳೆಯ ಮಕ್ಕಳ ಕೈಗೆ ಸಿಗದಂತಿಡುವುದು. ಬಳಸಿದ ಬಕೆಟ್ಟನ್ನು ಬೋರಲು ಹಾಕುವುದು. ಗೇಣುದ್ದ ನೀರೂ ಕೂಸಿಗೆ ಮಡುವೇ. ಸಾರಿನ ಪಾತ್ರೆಯನ್ನು ನೆಲದ ಮೇಲಿಡದಿರುವುದು. ಸಂಜೆ ಗುರುತಿಲ್ಲದವರ ಕೈಗೆ ಮಗುವನ್ನು ಕೊಡದಿರುವುದು. ಮಲಗಿದ ಮಕ್ಕಳನ್ನು ಮತ್ತೆ ಮತ್ತೆ ಎಣಿಸುವುದು. ಇವುಗಳಲ್ಲಿ ಯಾವುದೂ ವೀರಕಾರ್ಯವಲ್ಲ. ಆದರೆ ಒಂದು ದಿನವೂ ತಪ್ಪದೆ ಮಾಡುವುದು ವೀರರಿಗೂ ಸುಲಭವಲ್ಲ. ಬೇಸರವೇ ಇದರ ಶತ್ರು. ಬೇಸರವನ್ನು ಗೆದ್ದು ದಿನವೂ ಒಂದೇ ಕೆಲಸವನ್ನು ಮೊದಲ ದಿನದ ಎಚ್ಚರದಿಂದ ಮಾಡುವುದಕ್ಕೆ ಕಾಯಕವೆಂದು ಹೆಸರು. ತ್ರಿಕಾಲ ಪೂಜೆಯಲ್ಲಿ ಕೈತೊಳೆಯುವ ನಾವು, ಕೂಸಿಗೆ ಅನ್ನ ಕಲಸುವ ಮುನ್ನ ತೊಳೆದ ಅವಳ ಕೈಯನ್ನು ಕಡಿಮೆ ಮಡಿಯೆಂದು ಹೇಗೆ ಹೇಳೋಣ?

ಕಳೆದ ಬಾರಿ ನಾವು ಮಾಕಳಿಗೆ ಹೋದಾಗ ಮಳೆಗಾಲ. ನಮಗೆ ನೆಗಡಿಯಾಗಿತ್ತು, ಎರಡು ಸಲ ಸೀನಿದೆವು. ಆಯಾ ಬಾಗಿಲಿಗೆ ಅಡ್ಡ ನಿಂತು ನಮಸ್ಕರಿಸಿ ಹೇಳಿದಳು: “ಬುದ್ಧಿ, ತಪ್ಪು ತಿಳೀಬಾರದು. ಇವತ್ತು ಒಳಕ್ಕೆ ಬರಬ್ಯಾಡಿ.” ಜೊತೆಯಲ್ಲಿದ್ದವರು ಗಾಬರಿಯಾದರು. ನಾವು ಜಗಲಿಯ ಮೇಲೆ ಕುಳಿತು ಕಿಟಕಿಯಿಂದಲೇ ಮಕ್ಕಳನ್ನು ನೋಡಿದೆವು. ಅಂದು ಆಸ್ಪತ್ರೆಯಲ್ಲಿದ್ದ ಕೂಸು ಈಗ ನಡೆದಾಡುತ್ತದೆ. ನಮ್ಮನ್ನು ಕಂಡು ಕೈಯಲ್ಲಿದ್ದ ಬಿಸ್ಕತ್ತನ್ನು ಕಿಟಕಿಯ ಕಂಬಿಯೊಳಗಿಂದ ಚಾಚಿತು. ಆ ದಿನ ಅಲ್ಲಿ ಯಾವ ಕೇಡೂ ಆಗಲಿಲ್ಲ. ಅದಕ್ಕೆ ಸಾಕ್ಷಿ ಯಾರೂ ಇರಲಿಲ್ಲವೆಂದು ಯಾರೂ ಹೇಳದಿರಲಿ ಎಂದು ಇದನ್ನು ಬರೆದಿದ್ದೇವೆ.