ಅನ್ನದ ಮುಂದಿನ ಪ್ರಾರ್ಥನೆ

ಊಟಕ್ಕೆ ಕುಳಿತಾಗ ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು ಕ್ರೈಸ್ತರ ವಾಡಿಕೆ. ಸೊಲ್ಲಾಪುರ, ವಿಜಾಪುರಗಳ ಈ ಬರದ ಸೀಮೆಯಲ್ಲಿ ಆ ವಾಡಿಕೆಯು ಒಂದು ಪ್ರಶ್ನೆಯನ್ನೆಬ್ಬಿಸುತ್ತದೆ. ನನಗೆ ರೊಟ್ಟಿ ದೊರೆತುದಕ್ಕಾಗಿ ದೇವರನ್ನು ವಂದಿಸಿದರೆ, ನೆರೆಯವನಿಗೆ ದೊರೆಯದುದಕ್ಕೆ ಯಾರನ್ನು ಕೇಳಬೇಕು?

ಪಂಡಿತಾ ರಮಾಬಾಯಿಯವರು (1858–1922) ಈ ಪ್ರಶ್ನೆಯನ್ನು ಬಾಳಿನಲ್ಲಿಯೇ ಎದುರಿಸಿದರು. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಇವರು. ಕ್ಷಾಮದ ದಿನಗಳಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳೆದುಕೊಂಡರು. ಆ ಕುಟುಂಬದವರೂ ದೈವಭಕ್ತರೇ ಆಗಿದ್ದರು. ಆದುದರಿಂದ, ಬೇಡಿದವನು ಎಂದೂ ಹಸಿಯನೆಂಬ ಸುಲಭದ ಮಾತು ಅವರಿಗೆ ಸಾಧ್ಯವಿರಲಿಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಸ್ತ್ರೀಯರನ್ನೂ ಬಾಲಿಕೆಯರನ್ನೂ ಕರೆತಂದರು. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲುಮಾರ್ಗದ ಕೇಡಗಾವಿನಲ್ಲಿ ಅವರ ಮುಕ್ತಿ ಸದನ ಬೆಳೆಯಿತು. ದಿನದ ಅನ್ನಕ್ಕಾಗಿ ಪ್ರಾರ್ಥಿಸುತ್ತಿದ್ದ ಅವರೇ ಬಾವಿ ತೋಡಿಸಿದರು, ಹೊಲ ಬಿತ್ತಿಸಿದರು, ಹುಡುಗಿಯರಿಗೆ ನೇಯ್ಗೆ, ಮುದ್ರಣಗಳನ್ನು ಕಲಿಸಿದರು.

ಹಸಿವು ಏಕೆ ಬಂದಿತೆಂಬುದಕ್ಕೆ ಇದು ಉತ್ತರವಲ್ಲ. ಆದರೆ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರ ಬೇಡುವವನು ‘ನನಗೆ’ ಎನ್ನುವುದಿಲ್ಲ, ‘ನಮಗೆ’ ಎನ್ನುತ್ತಾನೆ. ಆ ಮಾತನ್ನು ಮನಸಾರೆ ಆಡಿದವನಿಗೆ, ತಟ್ಟೆಯಲ್ಲಿರುವ ರೊಟ್ಟಿ ತನ್ನೊಬ್ಬನದಾಗಿ ಕಾಣದು. ದೇವರಲ್ಲಿ ನಂಬಿಕೆಯಿಟ್ಟವನು ನಾಳೆಯ ಭಯಕ್ಕೆ ಇಂದಿನ ರೊಟ್ಟಿಯನ್ನು ಬಚ್ಚಿಡಲಾರನು. ನೆರೆಯವನಿಗಾಗಿ ಯಾರನ್ನು ಕೇಳಬೇಕೆಂದು ನಾವು ಕೇಳಿದ್ದೆವು. ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ, ಆ ಪ್ರಶ್ನೆ ನಮ್ಮ ಕಡೆಗೇ ತಿರುಗಿ ನಿಂತಿರುತ್ತದೆ.