ಮದುವೆಯ ವಯಸ್ಸು: ಗೆರೆ ಯಾರಿಗಾಗಿ?

ಹೆಣ್ಣಿಗೆ 18, ಗಂಡಿಗೆ 21. ಮದುವೆಗೆ ಕಾನೂನು ಗೊತ್ತುಮಾಡಿರುವ ಈ ಕನಿಷ್ಠ ವಯಸ್ಸನ್ನು ತಿಳಿಯದವರು ನಮ್ಮಲ್ಲಿ ಇರಲಾರರು. ಆದರೂ ನಾಲ್ಕು ಜನ ಮಾತಿಗೆ ಕುಳಿತಾಗ ಒಂದು ಪ್ರಶ್ನೆ ಏಳುತ್ತದೆ. ಹದಿನೆಂಟು ತುಂಬುವ ಹಿಂದಿನ ದಿನ ಹುಡುಗಿಯಾಗಿದ್ದವಳು ಮರುದಿನ ಬೆಳಗಾಗುವುದರೊಳಗೆ ಹೆಂಗಸಾಗಿಬಿಡುತ್ತಾಳೆಯೆ? ದೇಹವಾಗಲಿ ಬುದ್ಧಿಯಾಗಲಿ ಪಂಚಾಂಗ ನೋಡಿಕೊಂಡು ಬೆಳೆಯುವುದಿಲ್ಲವಲ್ಲ! ಹಾಗಿದ್ದ ಮೇಲೆ, ಒಳ್ಳೆಯ ಮನೆತನದ ವರ ತಾನಾಗಿಯೇ ಬಂದಾಗ ನಾಲ್ಕಾರು ತಿಂಗಳು ಹೆಚ್ಚುಕಡಿಮೆಯಾದರೆ ಅದರಲ್ಲಿ ಅಧರ್ಮವೇನು? ಸುಲಭವಾಗಿ ತಳ್ಳಿಹಾಕುವ ಪ್ರಶ್ನೆ ಇದಲ್ಲ. ಇದನ್ನು ಕುರಿತು ಯೋಚಿಸಲು ಬೇಕಾದ ಸಾಮಗ್ರಿ ನಾವು ನೆಲೆಸಿರುವ ಅಲಿಪುರದ ಚರಿತ್ರೆಯಲ್ಲೇ ಇದೆ.

ಅಲಿಪುರ ರಸ್ತೆಯ ವುಡ್‌ಲ್ಯಾಂಡ್ಸ್ ಆಸ್ಪತ್ರೆ ನಮಗೆಲ್ಲ ಪರಿಚಿತ. ವುಡ್‌ಲ್ಯಾಂಡ್ಸ್ ಎಂಬುದು ಒಂದು ಕಾಲಕ್ಕೆ ಕೂಚ್‌ಬಿಹಾರದ ಮಹಾರಾಜರ ಕಲ್ಕತ್ತೆಯ ನಿವಾಸದ ಹೆಸರು. ಆ ಮನೆಯ ಮಹಾರಾಣಿ ಸುನೀತಿ ದೇವಿ, ಬ್ರಾಹ್ಮ ಸಮಾಜದ ಮುಖಂಡ ಕೇಶವಚಂದ್ರ ಸೇನರ ಮಗಳು. ಕೇಶವಚಂದ್ರರು ಬಾಲ್ಯವಿವಾಹದ ಕಡುವಿರೋಧಿ. ಹೆಣ್ಣಿಗೆ ಯಾವ ವಯಸ್ಸಿನಲ್ಲಿ ಮದುವೆ ಯುಕ್ತವೆಂದು 1871ರಲ್ಲಿ ಹೆಸರಾಂತ ವೈದ್ಯರಿಗೆ ಪತ್ರ ಬರೆದು ಅಭಿಪ್ರಾಯ ಸಂಗ್ರಹಿಸಿದವರು. ವಧುವಿಗೆ 14, ವರನಿಗೆ 18 ಎಂದು ಗೊತ್ತುಮಾಡಿದ 1872ರ ವಿವಾಹ ಕಾಯಿದೆ ಬರಲು ಮುಖ್ಯ ಕಾರಣ ಅವರೇ.

ಮುಂದೆ ಆರೇ ವರ್ಷಗಳಲ್ಲಿ ಕೂಚ್‌ಬಿಹಾರದಿಂದ ಸಂಬಂಧ ಬಂತು. ವರ ರಾಜನೇ. 1878ರ ಮಾರ್ಚ್ 6ರಂದು ಮದುವೆ ನಡೆದಾಗ ವಧುವಿಗಿನ್ನೂ 14 ತುಂಬಿರಲಿಲ್ಲ. ವರ ನೃಪೇಂದ್ರ ನಾರಾಯಣನಿಗೆ 16 ಕೂಡ ಆಗಿರಲಿಲ್ಲ. ಸಂಸ್ಥಾನಕ್ಕೆ ಆ ಕಾಯಿದೆ ಅನ್ವಯಿಸುವುದಿಲ್ಲವೆಂಬ ಸಮಾಧಾನ ಇದ್ದೇ ಇತ್ತು. ಇದು ದೈವಾದೇಶವೆಂದರು ಕೇಶವಚಂದ್ರರು. ಶಿವನಾಥ ಶಾಸ್ತ್ರಿ ಮೊದಲಾದ ಅನುಯಾಯಿಗಳು ಒಪ್ಪಲಿಲ್ಲ. ಅದೇ ಮೇ ತಿಂಗಳಲ್ಲಿ ಸಮಾಜ ಒಡೆದು ಸಾಧಾರಣ ಬ್ರಾಹ್ಮ ಸಮಾಜ ಹುಟ್ಟಿತು.

ಕೇಶವಚಂದ್ರರ ಪರವಾಗಿಯೂ ಹೇಳಬೇಕಾದದ್ದಿದೆ. ಮದುವೆಯಾದೊಡನೆ ವರ ಇಂಗ್ಲೆಂಡಿಗೆ ಹೊರಟ. ದಂಪತಿಗಳು ಒಟ್ಟಿಗೆ ಸಂಸಾರ ಹೂಡಿದ್ದು ಎರಡು ವರ್ಷಗಳ ಅನಂತರ. ಸುನೀತಿ ದೇವಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದು ಕೀರ್ತಿ ಪಡೆದರು. ಕೇಡಂತೂ ಆಗಲಿಲ್ಲ. ಹಾಗಾದರೆ ಆಕ್ಷೇಪಣೆ ಏಕೆ?

ಉತ್ತರಕ್ಕೆ ಅದೇ ಕಲ್ಕತ್ತೆಯಲ್ಲಿ ಹನ್ನೆರಡು ವರ್ಷಗಳ ಅನಂತರ ನಡೆದ ಇನ್ನೊಂದು ಸಂಗತಿಯನ್ನು ನೋಡಬೇಕು. ಫುಲ್ಮಣಿ ದಾಸಿ ಎಂಬ, ಹನ್ನೆರಡು ತುಂಬದ ಬಾಲೆ, ಮೂವತ್ತು ದಾಟಿದ ಗಂಡನ ಬಲಾತ್ಕಾರದಿಂದ ಪ್ರಾಣ ಬಿಟ್ಟಳು. ಅಂದಿನ ದಂಡ ಸಂಹಿತೆಯಲ್ಲಿದ್ದ ಗೆರೆ 10 ವರ್ಷ. ಅವಳು ಅದನ್ನು ದಾಟಿದ್ದರಿಂದ ಗಂಡನ ಮೇಲೆ ಅತ್ಯಾಚಾರದ ಅಪರಾಧ ನಿಲ್ಲಲಿಲ್ಲ. 1890ರಲ್ಲಿ ಅವನಿಗೆ ಆದದ್ದು ಒಂದು ವರ್ಷದ ಸಜೆ. ಮರುವರ್ಷ ಗೆರೆ 12ಕ್ಕೆ ಏರಿತು.

ಗೆರೆ ಬೇಕಾದದ್ದು ಫುಲ್ಮಣಿಯಂಥವರಿಗೆ. ವಿದ್ಯಾವಂತ ತಂದೆಯೂ ದೊಡ್ಡ ಮನೆತನವೂ ಇರುವ ಹುಡುಗಿ ಗೆರೆಯಿಲ್ಲದೆಯೂ ಬದುಕಿಯಾಳು. ಆದರೆ ವಿನಾಯಿತಿ ಕೇಳುವವರು, ಪಡೆಯುವವರು ಯಾವಾಗಲೂ ಈ ಬಲ್ಲಿದರೇ. ಅವರು ಒಮ್ಮೆ ಬೇಲಿ ಸರಿಸಿ ದಾಟಿದರೆ ಆ ಕಂಡಿ ಅಲ್ಲಿಯೇ ಉಳಿಯುತ್ತದೆ. ತಮ್ಮ ಮಗಳು ಸುಖವಾಗಿದ್ದಾಳೆಂಬುದು ಅದಕ್ಕೆ ಉತ್ತರವಾಗದು.

ಈ ಅಂಕಿಯೇ ಬದಲಾಗುತ್ತ ಬಂದಿದೆಯಲ್ಲ, ಇದರಲ್ಲಿ ಸತ್ಯವೆಷ್ಟು ಎನ್ನುವವರೂ ಉಂಟು. ನಮ್ಮ ಮೈಸೂರು ಸಂಸ್ಥಾನವನ್ನೇ ನೋಡಿ. 1894ರ ಅಲ್ಲಿನ ಕಾಯಿದೆ ನಿಷೇಧಿಸಿದ್ದು 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನು. ಅದನ್ನು ತಂದ ಚಾಮರಾಜೇಂದ್ರ ಒಡೆಯರು ಆ ವರ್ಷದ ಡಿಸೆಂಬರಿನಲ್ಲಿ ಈ ಕಲ್ಕತ್ತೆಯಲ್ಲೇ ತೀರಿಕೊಂಡರು. ಇಂದು ಆ 8 ಎಂಬ ಅಂಕಿ ಕೇಳಿದರೆ ನಮಗೆ ನಾಚಿಕೆಯಾಗುತ್ತದೆ. ಆದರೆ 1929ರ ಶಾರದಾ ಕಾಯಿದೆಯ 14, 1949ರ 15, 1978ರ 18, ಇವೆಲ್ಲ ಹತ್ತಿದ್ದು ಅಂಥ ಮೆಟ್ಟಿಲುಗಳ ಮೇಲೇ. ಬದಲಾದದ್ದು ಅಂಕಿ, ಬೇಡವೆನ್ನಲು ಶಕ್ತಿಯಿಲ್ಲದವಳ ಪರವಾಗಿ ಕಾನೂನು ಬೇಡವೆನ್ನಬೇಕೆಂಬ ತತ್ತ್ವ ಬದಲಾಗಿಲ್ಲ.

ಈ ಕೆಲಸ ಮುಗಿದಿಲ್ಲವೆನ್ನಲು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಸಾಕು. 20ರಿಂದ 24 ವಯಸ್ಸಿನ ಹೆಂಗಸರಲ್ಲಿ, 18ಕ್ಕೆ ಮೊದಲೇ ಮದುವೆಯಾದವರು ಪಶ್ಚಿಮ ಬಂಗಾಳದಲ್ಲಿ ಶೇಕಡ 41.6, ಕರ್ನಾಟಕದಲ್ಲಿ 21.3. ಇಂಥ ಮದುವೆ ಮೊದಲಿನಿಂದಲೇ ಅಸಿಂಧುವೆಂದು ಕರ್ನಾಟಕ ತಿದ್ದುಪಡಿ ತಂದಿದೆ. ಇತರ ರಾಜ್ಯಗಳೂ ಹಾಗೆ ಮಾಡುವುದು ವಿವೇಕವೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಇದು ನಾವು ಹೆಮ್ಮೆಪಡಬಹುದಾದ ವಿಷಯ. ಆದರೆ ಐವರಲ್ಲಿ ಒಬ್ಬಳಿಗೆ ಈ ರಕ್ಷಣೆ ಮುಟ್ಟಲಿಲ್ಲವೆಂಬುದನ್ನೂ ಮರೆಯಬಾರದು.

ಹೆಣ್ಣಿಗೂ 21 ಆಗಲೆಂಬ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, 2024ರಲ್ಲಿ ಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಅದರ ಸದುದ್ದೇಶವನ್ನು ನಾವು ಸಂದೇಹಿಸುವುದಿಲ್ಲ. ಆದರೆ 18ಕ್ಕೆ ಮತ ಹಾಕಬಲ್ಲವಳಿಗೆ ತನ್ನ ಮದುವೆಯನ್ನು ನಿಶ್ಚಯಿಸುವ ಹಕ್ಕಿಲ್ಲವೆನ್ನುವುದು ನಮಗೆ ಸರಿತೋರದು. 18ರವರೆಗೆ ಕಾನೂನಿನ ಮಾತು ನಡೆಯಬೇಕು, ವಿನಾಯಿತಿ ಕೂಡದು. ಆಮೇಲೆ ನಡೆಯಬೇಕಾದದ್ದು ಅವಳ ಮಾತು.

ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಈ ಎರಡನೆಯದೇ ಹೆಚ್ಚು ಕಷ್ಟ. ವರ್ಗಾವಣೆಯ ಭಯ, ನಿವೃತ್ತಿಯ ಲೆಕ್ಕಾಚಾರ, ನಮ್ಮವರಲ್ಲೇ ಆಗಲೆಂಬ ಹಿರಿಯರ ಒತ್ತಾಯ, ಇವೆಲ್ಲ ಸೇರಿದಾಗ ನಾವೂ ಆತುರಪಡುತ್ತೇವೆ. ಜಾತಕ ಕೂಡಿತು, ಹುಡುಗ ಬೆಂಗಳೂರಿನವನು ಎಂದು ಕಾಲೇಜಿಗೆ ಹೋಗುತ್ತಿರುವವಳನ್ನು ಒಂದು ಮಾತೂ ಕೇಳದೆ ಒಪ್ಪಿಗೆ ಕೊಟ್ಟುಬಿಡುತ್ತೇವೆ. ವಯಸ್ಸಿನ ಗೆರೆಯನ್ನು ಪಾಲಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ಆಲೋಚಿಸಿ ಉತ್ತರ ಕೊಡುವಷ್ಟು ಬೆಳೆಯಲೆಂದೇ ಅವಳನ್ನು ಇಷ್ಟು ವರ್ಷ ಕಾಯ್ದದ್ದು. ಆ ಉತ್ತರವನ್ನು ಕೇಳಿ, ಅದು ಬೇಡವೆಂದೇ ಆಗಿದ್ದರೂ ಮನ್ನಿಸುವುದು ತಂದೆತಾಯಿಗಳಾದ ನಮ್ಮ ಧರ್ಮ.