ತೊಟ್ಟಿಲ ಮನೆಗೆ ನಾಯಿಮರಿ: ತರಬೇಕೋ, ಬೇಡವೋ?



ಮಠಕ್ಕೆ ಬರುವ ಭಕ್ತರು ಸಂಸಾರದ ಸಣ್ಣಪುಟ್ಟ ಪ್ರಶ್ನೆಗಳನ್ನೂ ಕೇಳುವುದುಂಟು. ಅವುಗಳಲ್ಲಿ ಇದೂ ಒಂದು: "ಮನೆಯಲ್ಲಿ ಹೊಸದಾಗಿ ಕೂಸು ಹುಟ್ಟಿದೆ. ಈಗ ನಾಯಿಮರಿಯನ್ನು ತಂದು ಸಾಕಬಹುದೇ?" ಕೇಳಲು ಹಗುರವಾದ ಪ್ರಶ್ನೆ. ಆದರೆ ಇದರಲ್ಲಿ ಮಾತು ಬಾರದ ಎರಡು ಜೀವಗಳ ಹೊಣೆ ಅಡಗಿದೆ. ಆದ್ದರಿಂದ ಇದು ಧರ್ಮದ ಪ್ರಶ್ನೆಯೂ ಹೌದು.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಒಕ್ಕಲುತನದವರಿಗೆ ಪ್ರಾಣಿ ಸಾಕುವುದು ಹೊಸತಲ್ಲ. ಎತ್ತು ಕೊಳ್ಳಲು ಸಂತೆಗೆ ಹೊರಟ ರೈತನು ಮೊದಲು ತನ್ನ ಬಣವೆಯನ್ನು ನೋಡುತ್ತಾನೆ. ಕಣಿಕೆ ಎಷ್ಟಿದೆ, ಬೇಸಿಗೆಗೆ ನೀರು ಸಾಲುವುದೇ, ಮೇವು ಹಾಕುವವರು ಯಾರು ಎಂದು ಲೆಕ್ಕ ಹಾಕಿದ ಮೇಲೆಯೇ ಹಗ್ಗಕ್ಕೆ ಕೈ ಹಾಕುತ್ತಾನೆ. ನಾಯಿಮರಿಯ ವಿಷಯದಲ್ಲಿ ಮಾತ್ರ ಈ ವಿವೇಕ ಮರೆತುಹೋಗುತ್ತದೆ. ಯಾರೋ ಕೊಟ್ಟರು, ಹಿರಿಯ ಮಗು ಹಟ ಹಿಡಿಯಿತು, ಮರಿ ಮುದ್ದಾಗಿತ್ತು, ತಂದೆವು. ನಾಯಿಯ ಆಯುಷ್ಯ ಸಾಧಾರಣವಾಗಿ ಹತ್ತು ಹನ್ನೆರಡು ವರ್ಷ. ಇಂದು ತೊಟ್ಟಿಲಲ್ಲಿರುವ ಕೂಸು ಐದನೆಯ ಇಯತ್ತೆ ದಾಟುವವರೆಗೆ ಅದರ ಹೊಟ್ಟೆ, ರೋಗ, ಮುಪ್ಪು ಎಲ್ಲವೂ ನಮ್ಮ ಖಾತೆಗೆ ಬರುತ್ತವೆ.

ಸಾಕಬೇಕೆನ್ನುವವರ ಮಾತಿನಲ್ಲಿಯೂ ಹುರುಳಿದೆ. ತೋಟದ ವಸ್ತಿಯಲ್ಲಿರುವವರಿಗೆ ನಾಯಿಯೇ ಕಾವಲು. ಪ್ರಾಣಿಗಳ ನಡುವೆ ಬೆಳೆದ ಮಗು ದಯೆಯನ್ನು ಪಾಠವಿಲ್ಲದೆ ಕಲಿಯುತ್ತದೆ. ಫಿನ್ಲೆಂಡ್ ದೇಶದಲ್ಲಿ 397 ಮಕ್ಕಳನ್ನು ಮೊದಲ ವರ್ಷವಿಡೀ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ನಾಯಿಯಿದ್ದ ಮನೆಯ ಕೂಸುಗಳಲ್ಲಿ ನೆಗಡಿ, ಕೆಮ್ಮು, ಕಿವಿಸೋಂಕು ಕಡಿಮೆ ಕಂಡವು. ಆದರೆ ಆ ದೇಶದಲ್ಲಿ ಹುಚ್ಚುನಾಯಿ ರೋಗದ ಭಯ ನಮ್ಮಲ್ಲಿರುವಂತೆ ಇಲ್ಲ ಎಂಬುದನ್ನು ಮರೆಯಬಾರದು.

ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಲ್ಲವೆಂಬಷ್ಟು ಅಪರೂಪ. ಹುಚ್ಚಿನ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಬೇಕು. ಮುಂದೆಯೂ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಮರಿಯ ಹೊಟ್ಟೆಯಲ್ಲಿ ಜಂತುಗಳಿರುತ್ತವೆ. ಅಂಬೆಗಾಲಿಡುವ ಕೂಸು ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದರಿಂದ ಮರಿಗೆ ಜಂತಿನ ಔಷಧಿಯೂ ಅವಶ್ಯ. ಹಲ್ಲು, ಉಗುರು ತಾಗಿದರೆ ಅರಿಶಿನ, ಸುಣ್ಣ, ಖಾರಪುಡಿ ಮೆತ್ತಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಬೇಕು. ನಾಯಿ ಎಷ್ಟೇ ಸಾಧುವಾಗಿರಲಿ, ಅದರ ಹತ್ತಿರ ಕೂಸನ್ನು ಒಂಟಿಯಾಗಿ ಒಂದು ಗಳಿಗೆಯೂ ಬಿಡಬಾರದು.

ಇವೆಲ್ಲ ಎಚ್ಚರಿಕೆಯ ಮಾತುಗಳು. ಧರ್ಮಸೂಕ್ಷ್ಮ ಇರುವುದು ಬೇರೆಡೆ. ಮರಿ ತರುವವರು ಸಾಮಾನ್ಯವಾಗಿ ಗಂಡಸರು. ತಂದವರು ಮುಂಜಾನೆ ಹೊಲಕ್ಕೋ ಅಡತಿ ಅಂಗಡಿಗೋ ಹೋಗುತ್ತಾರೆ. ಅದು ಹೊಲಸು ಮಾಡಿದ್ದನ್ನು ಬಳಿಯುವವಳು, ರಾತ್ರಿ ಅದು ಕುಂಯ್‌ಗುಟ್ಟಿದಾಗ ಏಳುವವಳು, ಕೂಸಿನಿಂದ ಮೊದಲೇ ನಿದ್ದೆಗೆಟ್ಟ ಬಾಣಂತಿ. ಅವಳನ್ನು ಯಾರೂ ಕೇಳಿರುವುದಿಲ್ಲ. ಇನ್ನೊಬ್ಬರ ದುಡಿಮೆಯಿಂದ ನಾವು ತೋರಿಸುವ ದಯೆ ನಮ್ಮ ದಯೆಯಾಗುವುದು ಹೇಗೆ? ದಾಸೋಹವು ಸ್ವಂತ ಕಾಯಕದ ಗಳಿಕೆಯಿಂದ ನಡೆಯಬೇಕೆಂದು ಶರಣರು ಕಲಿಸಿದರು. ಮೂಕಜೀವಕ್ಕೆ ಇಡುವ ಅನ್ನಕ್ಕೂ ಅದೇ ಮಾತು ಸಲ್ಲುತ್ತದೆ. ಆದ್ದರಿಂದ ಈ ನಿರ್ಣಯದಲ್ಲಿ ಮೊದಲ ಮಾತು ಕೂಸಿನ ತಾಯಿಯದು. ಅವಳು ಬೇಡವೆಂದರೆ ವಿಷಯ ಅಲ್ಲಿಗೆ ಮುಗಿಯಬೇಕು. ಅವಳು ಒಪ್ಪಿದರೂ ಮರಿಯ ಕೆಲಸ ಇಂಥವರದೇ ಎಂದು ಹೆಸರು ಹಿಡಿದು ಗೊತ್ತುಮಾಡಬೇಕು.

ಮೊದಲಿನಿಂದಲೂ ಮನೆಯಲ್ಲಿರುವ ನಾಯಿಯ ವಿಚಾರ ಬೇರೆ. ಕೂಸು ಬಂತೆಂದು ಅದನ್ನು ಗೋಣಿಚೀಲದಲ್ಲಿ ತುಂಬಿ ದೂರದ ಊರ ಬಳಿ ಬಿಟ್ಟುಬರುವವರಿದ್ದಾರೆ. ಅನ್ನ ಹಾಕಿದ ಕೈಯನ್ನೇ ನಂಬಿದ ಜೀವಕ್ಕೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಲಸಿಕೆ ಹಾಕಿಸಿ, ಪಡಸಾಲೆಯ ಹೊರಗೆ ಜಾಗ ಮಾಡಿಕೊಟ್ಟು, ದಿನವೂ ಸ್ವಲ್ಪ ಹೊತ್ತು ಅದರೊಂದಿಗೆ ಕಳೆದರೆ ಸಾಕು. ಅದು ಕಚ್ಚುವ ಸ್ವಭಾವದ್ದಾಗಿದ್ದರೆ ಪರಿಚಯದ ತೋಟದವರಿಗೆ ಸ್ವಭಾವವನ್ನು ಮುಚ್ಚಿಡದೆ ಹೇಳಿ, ಅವರು ಒಪ್ಪಿದರೆ ಒಪ್ಪಿಸಬಹುದು.

ಹೊಸದಾಗಿ ತರುವವರಿಗೆ ನಮ್ಮ ಸಲಹೆ ಇಷ್ಟೇ. ಮನೆಯಲ್ಲಿ ಬಿಡುವಾದ ಕೈಗಳಿಲ್ಲದಿದ್ದರೆ ಎರಡು ಮೂರು ವರ್ಷ ತಾಳಿರಿ. ಕೂಸು ನಡೆಯಲಿ, ಮಾತು ಕಲಿಯಲಿ, ಬಾಲ ಹಿಡಿದು ಎಳೆಯಬಾರದೆಂಬ ತಿಳಿವಳಿಕೆ ಬರಲಿ. ಆಗ ತಂದ ಮರಿಗೆ ತನ್ನ ಕೈಯಿಂದಲೇ ರೊಟ್ಟಿಯ ಚೂರು ಹಾಕಲು ಅದು ಕಲಿಯುತ್ತದೆ. ಸಾಕಲಾರೆನೆಂದು ತಿಳಿದು ತರದೆ ಇರುವುದು ನಿರ್ದಯೆಯಲ್ಲ. ತಂದ ಮೇಲೆ ಕೈಬಿಡುವುದು ನಿರ್ದಯೆ.